ಶಾಲು ಹೊದಿಸಿಕೊಂಡ ರ್ಯಾಮ್

ನುಸಿಗುಳಿಗೆಯ ವಾಸನೆ ನನಗೆ ಆಗದು. ಅದು ಬಂತೆಂದರೆ ಎಲ್ಲೋ ಸನ್ಮಾನದ ಶಾಲು ಬಿಚ್ಚಿದ್ದಾರೆಂದು ಅರ್ಥ. ಕಳೆದ ಭಾನುವಾರ ನನ್ನ ಹೆಂಡತಿ ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿ, ಈವರೆಗೆ ನನ್ನ ಹೆಗಲೇರಿದ ಶಾಲುಗಳನ್ನೆಲ್ಲ ಗುಡ್ಡೆ ಹಾಕಿದಳು. "ಇವನ್ನ ಕೆಲಸದ ಬಾಯಿಗೆ ಕೊಡ್ತೀನ್ರಿ. ಆಕಿಗಾದ್ರೂ ಉಪಯೋಗ ಆಗತಾವ" ಎಂದು ಕೇಸರಿ ಶಾಲೊಂದನ್ನು ಕೊಡವಿದಳು. ಅದರೊಳಗಿಂದ ಟಕ್ಕೆಂದು ನೆಲಕ್ಕೆ ಬಿತ್ತು ಕಂಪ್ಯೂಟರಿನ ಒಂದು ರ್ಯಾಮ್. ಕಂಪ್ಯೂಟರಿನ ನೆನಪಿನ ಶಕ್ತಿ ಹೆಚ್ಚಿಸುವ, ಗೇಣುದ್ದವೂ ಇಲ್ಲದ ಹಸಿರು ಪಟ್ಟಿ. ಅದರ ಮೇಲೆ 'ದಾನಿಗಳು' ಎಂದು ನನ್ನ ಹೆಸರಿನ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಪಪ್ಪಾ, ಫೆಂಕ್‌ನಾ ಮತ್. ಆಜ್‌ಕಲ್ ರ್ಯಾಮ್ ಭಾಳ ಮೆಹೆಂಗಾ ಆಗೇದ" ಎಂದಳು ಮಗಳು, ಅವಳಿಗೆ ಬರುವ ಕನ್ನಡದಲ್ಲಿ. ಬಿಸಾಡುವುದಿಲ್ಲ, ಆದರೆ ಎಷ್ಟೇ ತುಟ್ಟಿಯಾಗಿದ್ದರೂ ಇದು ಮಾರಲು ಬರುವುದಿಲ್ಲ ಎಂದೆ. ಯಾಕೆ ಎಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಕಾಂದಿವಲಿಯ ಬಿಲ್ಡಿಂಗೊಂದರ ಕೆಳಗೆ ನಮ್ಮ ಕನ್ನಡ ಸಂಘದ ಖೋಲಿ ಇದೆ. ಅಲ್ಲಿ ಕನ್ನಡಕ್ಕಿಂತ ದಾನಿಗಳ ಹೆಸರೇ ಹೆಚ್ಚು. ಫ್ಯಾನಿನ ಮೂರು ರೆಕ್ಕೆಗಳ ಮೇಲೆ ತಂದೆ, ತಾಯಿ, ಮಗ ಒಬ್ಬರ ಹಿಂದೊಬ್ಬರು ತಿರುಗುತ್ತಾರೆ. ಕಸದ ಬುಟ್ಟಿಗೂ ಒಬ್ಬರು ದಾನಿಗಳಿದ್ದಾರೆ. ಕೊಟ್ಟವರಿಗೆ ಶಾಲು ಹೊದಿಸಬೇಕು. ಹೊದಿಸಿದ ಮೇಲೆ ಅವರು ಬದುಕಿರುವ ತನಕ ಆ ವಸ್ತುವನ್ನು ತೆಗೆಯಬಾರದು. ಇದು ಎಲ್ಲೂ ಬರೆಯದ ನಿಯಮ. ಮುರಿದ ಕುರ್ಚಿಯೊಂದು, ದಾನಿಯ ಆಯುಷ್ಯ ಗಟ್ಟಿಯಾದ್ದರಿಂದ, ಇವತ್ತಿಗೂ ಗೋಡೆಗೆ ಒರಗಿಕೊಂಡಿದೆ.

ಇಂಥ ಜಾಗದಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವರು ಗಿರಿಜಕ್ಕ ಒಬ್ಬರೇ. ಮೈಸೂರು ಕಡೆಯವರು, ಟೈಪಿಸ್ಟ್ ಆಗಿ ನಿವೃತ್ತರಾದವರು. ಮದುವೆಯಾಗಿ ಮುಂಬಯಿಗೆ ಬಂದು ಇಲ್ಲೇ ಮುದುಕಿಯರಾದವರನ್ನು ಮಧ್ಯಾಹ್ನ ಕರೆಸಿ ಊರಿನ ಹಾಡು ಹಾಡಿಸುತ್ತಿದ್ದರು. ಅವರು ಹಾಡಿದಂತೆ ಇವರ ಬೆರಳು ಕೀಬೋರ್ಡಿನ ಮೇಲೆ ಓಡುತ್ತಿತ್ತು. ಕಾಗದದ ಮೇಲೆ ಗೀಚಿಕೊಂಡು ಆಮೇಲೆ ಟೈಪ್ ಮಾಡುವುದು ಅವರ ಮಾನಕ್ಕೆ ಕಡಿಮೆ. ಸಂಘದ ಡೆಸ್ಕ್‌ಟಾಪು ಮಾತ್ರ ಆ ವೇಗಕ್ಕೆ ಬಗ್ಗಲಿಲ್ಲ. "ನಾನು ಪಲ್ಲವಿ ಒತ್ತಿದ್ರೆ, ಚರಣ ಮುಗಿದ್ಮೇಲೆ ತೋರಿಸತ್ತೆ ಕಣ್ರೀ. ಒಂದಿಷ್ಟು ರ್ಯಾಮ್ ಹಾಕಿಸಿಕೊಡಿ" ಎಂದು ಅವರು ಸಮಿತಿಯ ಮುಂದೆ ಕೇಳಿಕೊಂಡರು.

ಬೊರಿವಲಿಯಲ್ಲಿ ಹೋಟೆಲಿಟ್ಟಿದ್ದ ಶೆಟ್ರು ತಕ್ಷಣ ಎದ್ದರು. "ನಮ್ಮ ಬಿಲ್ಲಿನ ಕಂಪ್ಯೂಟರಿಂದ ತೆಗೆದದ್ದು ಒಂದು ಉಂಟು. ಕೊಡ್ತೇನೆ ಮಾರಾಯ್ರೆ."

ನನ್ನ ಹೊಟ್ಟೆ ಉರಿಯಿತು. ನಾನು ವಿಕ್ರೋಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದವನು. ನಂಬರ್ ತಾಳೆಯಾಗದೆ ಒಂದು ನಟ್ಟನ್ನೂ ಹೊರಗೆ ಬಿಟ್ಟವನಲ್ಲ. ಇಡ್ಲಿ ಮಾರುವವರು ತಂತ್ರಜ್ಞಾನಕ್ಕಾಗಿ ಶಾಲು ಹೊದೆಯುವುದೇ? "ನನ್ನ ಹತ್ತಿರನೂ ಒಂದು ಐತ್ರಿ" ಎಂದೆ. ಮನೆಯ ಹಳೆಯ ಕಂಪ್ಯೂಟರ್ ಡಬ್ಬದಿಂದ ಕಿತ್ತು ತಂದೆ. ನಂಬರ್ ಮಾತ್ರ ನೋಡಲಿಲ್ಲ.

ರಾಜ್ಯೋತ್ಸವದ ದಿನ ಎರಡಕ್ಕೂ ಕುಂಕುಮ ಹಚ್ಚಿ, ಹೆಸರಿನ ಚೀಟಿ ಅಂಟಿಸಿ, ನಮ್ಮಿಬ್ಬರಿಗೂ ಶಾಲು ಹೊದಿಸಿದರು. ಅಧ್ಯಕ್ಷರು ಸ್ಮರಣಶಕ್ತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಏನಂದಿರಬಹುದು ಎಂದು ನೀವು ಊಹಿಸಿದ್ದೀರಲ್ಲ, ಅದನ್ನೇ ಅಂದರು. ಸಿಕ್ಕಿಸಲು ಬಂದ ಮೆಕ್ಯಾನಿಕ್ ಪಾಟೀಲ್ ಎರಡನ್ನೂ ತಿರುವಿ ನೋಡಿ, "ಅಂಕಲ್, ಕಂಪನಿ ಅಲಗ್, ಸ್ಪೀಡ್ ಅಲಗ್. ಝಗಡಾ ಕರೇಂಗೇ. ಏಕ್ ಜೈಸಾ ಜೋಡಿ ಲೇ ಲೋ" ಎಂದ. ಶಾಲು ಹೊದ್ದ ಇಬ್ಬರು ಎದುರಿಗೇ ಕೂತಿದ್ದೆವು. ಇವು ಜಗಳವಾಡುತ್ತವೆ, ಒಂದೇ ಥರದ ಜೋಡಿ ಕೊಳ್ಳಿ ಎಂಬ ಅವನ ಮಾತನ್ನು ಯಾರು ಕೇಳುತ್ತಾರೆ? ಮೊದಲಿದ್ದ ಒಂದು ರ್ಯಾಮಿನ ಜೊತೆ ಎರಡೂ ಒಳಗೆ ಹೋದವು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಕರೆಂಟು ಕೊಟ್ಟಂತಾಯಿತು. ಹಾಡಿನ ನಡುವೆ ಪರದೆ ನೀಲಿಯಾಗಿ ಯಂತ್ರ ಸತ್ತು ಮತ್ತೆ ಹುಟ್ಟುತ್ತಿತ್ತು. ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ನಾನು ಡಬ್ಬ ಬಿಚ್ಚಿದೆ. ಶೆಟ್ರದ್ದನ್ನು ತೆಗೆದೆ; ಮತ್ತೆ ನೀಲಿ. ಅದನ್ನು ಹಾಕಿ ನನ್ನದನ್ನು ತೆಗೆದೆ; ಮಧ್ಯಾಹ್ನದ ತನಕ ಯಂತ್ರ ಕಮಕ್ ಕಿಮಕ್ ಎನ್ನದೆ ಓಡಿತು. ಕೆಟ್ಟದ್ದು ನನ್ನದೇ. ಸ್ಟೋರ್‌ಕೀಪರ್ ಸಾಹೇಬರು ಆಗ ಏನು ಮಾಡಿದರು ಗೊತ್ತೇ? ಅದನ್ನು ಮತ್ತೆ ಒಳಗೇ ಸಿಕ್ಕಿಸಿ ಸ್ಕ್ರೂ ಬಿಗಿದರು. ಶೆಟ್ರ ಚೀಟಿ ಒಳಗಿದ್ದು ನನ್ನ ಚೀಟಿ ಹೊರಗೆ ಬರುವುದೆಂದರೆ! ಥೂ.

ಮಳೆಗಾಲ ಮುಗಿಯುವಾಗ ಒಂದು ದಿನ ಹಾಡುಗಳ ಫೈಲು ತೆರೆಯಲೇ ಇಲ್ಲ. ಕೊನೆಗೆ ಹೇಗೋ ತೆರೆದಾಗ ನೂರಕ್ಕೂ ಹೆಚ್ಚು ಹಾಡುಗಳ ಜಾಗದಲ್ಲಿ ಬರೀ ಚೌಕಗಳು, ಪ್ರಶ್ನೆ ಚಿಹ್ನೆಗಳು. ಪೆನ್‌ಡ್ರೈವ್ ಇರಲಿಲ್ಲವೇ ಎಂದು ಕೇಳುತ್ತೀರಿ. ಅದನ್ನು ದಾನ ಮಾಡಲು ಯಾರೂ ಮುಂದೆ ಬಂದಿರಲಿಲ್ಲ. ಅಷ್ಟು ಚಿಕ್ಕ ವಸ್ತುವಿನ ಮೇಲೆ ಹೆಸರು ಹಿಡಿಸುವುದಿಲ್ಲ.

ಗಿರಿಜಕ್ಕ ಅಳಲಿಲ್ಲ. ಮುದುಕಿಯರನ್ನು ಮತ್ತೆ ಕರೆಸಿದರು, ಅವರು ಮತ್ತೆ ಹಾಡಿದರು. ಕಮಲಕ್ಕ ಒಬ್ಬರನ್ನು ಬಿಟ್ಟು. ಮೂರು ಮಧ್ಯಾಹ್ನ ಕೂತು ಹೆಣ್ಣೊಪ್ಪಿಸುವ ದೊಡ್ಡ ಹಾಡನ್ನು ಹೇಳಿದ್ದ ಕಮಲಕ್ಕ ಆ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಆ ಹಾಡು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವರ ಮಗಳು ಸುಮತಿ ಸಂಘಕ್ಕೆ ಬಂದು, "ಅಮ್ಮನ ಹಾಡು ಕಂಪ್ಯೂಟರಲ್ಲಿ ಉಂಟಲ್ಲ? ಒಂದು ಪ್ರಿಂಟ್ ಕೊಡಿ" ಎಂದು ಕೇಳಿದಾಗ ನಾನು ಕ್ಯಾಲೆಂಡರ್ ನೋಡುತ್ತಿದ್ದೆ.

ತಪ್ಪು ಯಾರದೆಂದು ಸಭೆ ಸೇರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಾದವನು ನಾನು. ಶೆಟ್ರ ಹೆಗಲು ತೋರಿಸಿದೆ. "ಹೋಟೆಲಿನ ಎಣ್ಣಿ, ಹೊಗಿ ಕುಡಿದ ಮಾಲು. ಇನ್ನೇನಾಗತದ್ರಿ?" ಎಂದೆ. ಎಲ್ಲರೂ ತಲೆಯಾಡಿಸಿದರು. ಶೆಟ್ರು ತಮ್ಮದನ್ನು ಕೀಳಿಸಿಕೊಂಡು ಜೇಬಿಗೆ ಹಾಕಿ ಹೋದರು. ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ. ಮರುದಿನ ನಾನೂ ನನ್ನದನ್ನು ತೆಗೆದೆ, 'ಅವರದಿಲ್ಲದ ಮೇಲೆ ನನ್ನದೂ ಬೇಡ' ಎಂದು. ಅದಕ್ಕೂ ಚಪ್ಪಾಳೆ ಬಿತ್ತು. ಆಮೇಲೆ ಸಂಘ ಹೊಸ ಜೋಡಿ ಕೊಂಡಿತು, ಎರಡು ಶಾಲಿಗಿಂತ ಕಡಿಮೆ ಖರ್ಚಿನಲ್ಲಿ.

ಇದೆಲ್ಲ ಆಗಿ ಹನ್ನೊಂದು ವರ್ಷ. ಅದೇ ಭಾನುವಾರ ಆ ಪಟ್ಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಲೋಕಲ್ ಹತ್ತಿ ಬೊರಿವಲಿಗೆ ಹೋದೆ. ಶೆಟ್ರು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಟ್ಟಿಯನ್ನು ಸೋಂಪಿನ ಬಟ್ಟಲಿನ ಪಕ್ಕ ಇಟ್ಟು ಎಲ್ಲ ಹೇಳಿದೆ. ನನಗೆ ಅವತ್ತೇ ಗೊತ್ತಿತ್ತು ಎಂಬುದನ್ನೂ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಚೀಟಿಯ ಮೇಲಿನ ನನ್ನ ಹೆಸರನ್ನು ತುಂಬ ಹೊತ್ತು ಓದಿದರು.

"ಸುಮತಿಯ ಮನೆ ಇಲ್ಲೇ ಆಚೆ ಗಲ್ಲಿಯಲ್ಲಿ" ಎಂದರು. "ದಿನಾ ಹಾಲಿಗೆ ಈ ರಸ್ತೆಯಲ್ಲೇ ಬರ್ತಾಳೆ. ಅವಳ ಅಮ್ಮನ ಹಾಡು ನನ್ನಿಂದ ಹೋಯ್ತು ಅಂತ, ಅವಳನ್ನು ಕಂಡರೆ ನಾನು ರಸ್ತೆ ದಾಟ್ತೇನೆ. ಹನ್ನೊಂದು ವರ್ಷ ದಾಟಿದೆ ಮಾರಾಯ್ರೆ."

ಅವರ ತಪ್ಪಲ್ಲವೆಂದು ನನಗೆ ಗೊತ್ತಿದ್ದಂತೆ ಅವರಿಗೂ ಗೊತ್ತಿದ್ದೀತು, ಬರೀ ಮಾನ ಹೋದದ್ದಕ್ಕೆ ಮುನಿಸಿಕೊಂಡಿದ್ದಾರೆ ಎಂದು ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

"ನನಗೆ ಹೇಳಿದ್ದು ಆಯ್ತು. ಈಗ ಅವಳಿಗೆ ಹೇಳಿ" ಎಂದರು. ನಾನು ಬಾಗಿಲ ಕಡೆ ತಿರುಗಿದೆ. "ನಿಲ್ಲಿ, ನಾನೂ ಬರ್ತೇನೆ. ನೀವು ದಾರಿಯಲ್ಲಿ ತಪ್ಪಿಸಿಕೊಳ್ಳುವ ಜನ."

ಅವರು ಗಲ್ಲಾಕ್ಕೆ ಬೀಗ ಹಾಕಿ ಚಪ್ಪಲಿ ಹುಡುಕತೊಡಗಿದರು. ನಾನು ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಾದು ನಿಂತೆ.