ಸರಪಳಿ ಪ್ರಾರ್ಥನೆಯಲ್ಲಿ ನನ್ನ ಸರದಿ

ಆಗಿನ ಶನಿವಾರವೆಂದರೆ ನಮ್ಮ ಮನೆಗೆ ಕಾಲೇಜು ಹುಡುಗರು ಹುಡುಗಿಯರು ಪ್ರಾರ್ಥನಾ ಕೂಟಕ್ಕೆ ಬರುವ ದಿನ. ನಾನು ಹೇಳಹೊರಟಿರುವುದು ಮೇ ತಿಂಗಳ ಒಂದು ಶನಿವಾರದ ವಿಷಯ. ಅವತ್ತು ಬೆಳಗ್ಗೆಯಿಂದ ಸಂಜೆಯೊಳಗೆ ಆದ ಕೆಲಸಗಳು ಇವು. ಅಮ್ಮ ಉಪ್ಪಿಟ್ಟಿಗೆ ರವೆ ಹುರಿದು ಆರಲು ಹರವಿದಳು. ಕರುಣಕ್ಕ ನಡುಮನೆಯ ಕುರ್ಚಿಗಳನ್ನೆಲ್ಲ ಹಿತ್ತಿಲಿಗೆ ಸಾಗಿಸಿ ನೆಲ ಒರೆಸಿದಳು. ನಾನು ಚಾಪೆಗಳನ್ನು ಕಾಂಪೌಂಡಿನ ಮೇಲೆ ಎಳೆದು ಹಾಕಿ ಕೋಲಿನಲ್ಲಿ ಬಡಿದೆ, ಪಕ್ಕದ ಮನೆಯಿಂದ ಆರು ಲೋಟ ಕೇಳಿ ತಂದೆ, ಹಾಡಿನ ಪುಸ್ತಕಗಳ ಹರಿದ ರಟ್ಟಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿದೆ. ಅಪ್ಪ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್ ಮುಗಿಸಿ ಬಂದು, ಸ್ನಾನ ಮಾಡಿ, ಚಪ್ಪಲಿ ಬಿಡಲೆಂದು ಬಾಗಿಲ ಹೊರಗೆ ಗೋಣಿಚೀಲ ಹಾಸಿದರು. ನಡುವೆ ಸಿಕ್ಕ ಅರ್ಧ ಗಂಟೆಯಲ್ಲಿ ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಸೋತು ಬಂದೆ.

ನಮ್ಮ ಮನೆ ಮೈಸೂರಿನ ಜಯಲಕ್ಷ್ಮಿಪುರಂನ ಹಿಂದಿನ ಬೀದಿಯಲ್ಲಿತ್ತು. ಹಾಸ್ಟೆಲುಗಳು ಹತ್ತಿರವಾದ್ದರಿಂದ ಹದಿನಾಲ್ಕು ಹದಿನೈದು ಜನ ನಡೆದೇ ಬರುತ್ತಿದ್ದರು. ಮನೆಬಿಟ್ಟು ಬಂದ ಮಕ್ಕಳು. ಅವರಿಗೆ ಹಾಡೂ ಬೇಕಿತ್ತು, ಬೈಬಲಿನ ವಾಕ್ಯವೂ ಬೇಕಿತ್ತು, ಅಮ್ಮನ ಉಪ್ಪಿಟ್ಟೂ ಬೇಕಿತ್ತು. ಯಾವುದು ಹೆಚ್ಚು ಬೇಕಿತ್ತೆಂದು ಹೇಳುವುದು ಕಷ್ಟ. ಕರಿಬೇವಿನ ಒಗ್ಗರಣೆ ಚಟಪಟ ಎಂದಾಗ ಎಷ್ಟೋ ಕಣ್ಣುಗಳು ಪ್ರಾರ್ಥನೆಯ ನಡುವೆಯೇ ತೆರೆದುಕೊಳ್ಳುತ್ತಿದ್ದವು. ನನಗೆ ಗೊತ್ತು, ಏಕೆಂದರೆ ನನ್ನ ಕಣ್ಣೂ ತೆರೆದೇ ಇರುತ್ತಿತ್ತು.

ಕೂಟ ನಡೆಸುತ್ತಿದ್ದವರು ಜಯಶೀಲ ಆಂಟಿ. ಕಾಡಂಚಿನ ಬೆಟ್ಟದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದವರು. ಬೆನ್ನುನೋವು ಜಾಸ್ತಿಯಾಗಿ ಮೈಸೂರಿಗೆ ಬಂದಿದ್ದರು. ಚಾಪೆಯ ಮೇಲೆ ಕೂರಲು ಆಗದೆ ಗೋಡೆಗೆ ಒರಗಿ ನಿಂತೇ ಮಾತಾಡುತ್ತಿದ್ದರು. ದನಿ ಏರಿಸಿದ್ದು ನಾನು ಕಾಣೆ.

"ತುಂಬಿದ ಬದುಕು ಅಂದ್ರೆ ತುಂಬಿದ ಬೀರು ಅಲ್ಲ ಕಣ್ರೋ," ಎನ್ನುತ್ತಿದ್ದರು. "ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ, ಇವತ್ತು ನನ್ನ ಕೈಯಿಂದ ಯಾರಿಗೆ ಏನು ಆಗಬೇಕು ಅಂತ ಗೊತ್ತಿರುತ್ತಲ್ಲ, ಅದು. ಆ ಬೆಟ್ಟದಲ್ಲಿ ನಂಗೆ ಒಂದು ದಿನಾನೂ ಬೇಜಾರಾಗಲಿಲ್ಲ. ಸುಸ್ತಾಗಿದೆ, ಅತ್ತಿದೀನಿ. ಬೇಜಾರು ಮಾತ್ರ ಆಗಿಲ್ಲ."

ಡ್ಯಾನಿಯಲ್ ಎಂಬ ತುಂಟ ಹುಡುಗನೊಬ್ಬ ಕೇಳಿದ್ದ: "ಆಂಟಿ, ಅಲ್ಲಿ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳ್ಸುತ್ತಾ?"

"ಆನೆ ಘೀಳಿಡೋದು ಕೇಳ್ಸುತ್ತೆ. ಸ್ಕೋರು ನೀನೇ ಬರ್ಕೋ."

ಎಲ್ಲರೂ ನಕ್ಕರು. ಆದರೆ ಆ ರಜೆಯಲ್ಲಿ ಒಂದು ತಿಂಗಳು ಬೆಟ್ಟದ ಆಸ್ಪತ್ರೆಗೆ ಹೋಗಿ ಕೆಲಸ ಮಾಡುವವರು ಯಾರೆಂದು ಆಂಟಿ ಕೇಳಿದಾಗ ಮೊದಲು ಎದ್ದು ನಿಂತವನು ಅದೇ ಡ್ಯಾನಿಯಲ್. ಎರಡನೆಯವಳು ನಮ್ಮ ಕರುಣಕ್ಕ. ಬಿ.ಎಸ್ಸಿ. ಎರಡನೇ ವರ್ಷದ ಪರೀಕ್ಷೆ ಬರೆದು ಕೂತಿದ್ದಳು. ಒಟ್ಟು ಐದು ಜನ ಎದ್ದರು.

ಅವರನ್ನು ಕಳಿಸಿಕೊಡುವುದಕ್ಕೆ ಆಂಟಿಯದೊಂದು ಪದ್ಧತಿಯಿತ್ತು. ಹೊರಡುವ ಭಾನುವಾರ ಚರ್ಚಿನಲ್ಲಿ ಹೋಗುವವರು ತಂತಮ್ಮ ಮನೆಯವರ ಜೊತೆ ಸಾಲಾಗಿ ಮೊಣಕಾಲೂರಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕು. ಮನೆಯವರು ದೂರದ ಊರಲ್ಲಿದ್ದರೆ ಅವರ ಕಾಗದ ತರಿಸಬೇಕು. "ಒಬ್ಬರೇ ಹೋಗೋದಲ್ಲ ಇದು, ಮನೆ ಕಳಿಸ್ಬೇಕು," ಎನ್ನುತ್ತಿದ್ದರು.

ಅಪ್ಪ ಆಗಲೇ ಒಪ್ಪಿದ್ದರು. ಅಮ್ಮ ಮಾತ್ರ, "ಈ ವರ್ಷ ಬೇಡ, ಮುಂದಿನ ವರ್ಷ ನೋಡಣ," ಎಂದುಬಿಟ್ಟಳು. ಬಿಸಿಲು ಎಂದಳು, ಮಲೇರಿಯಾ ಎಂದಳು, ರಿಸಲ್ಟ್ ಬರಲಿ ಎಂದಳು. ಅಕ್ಕ ಎದುರಾಡಲಿಲ್ಲ. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು, ನಾನು ಹೋದರೆ ಕಣ್ಣಿಗೆ ಸೋಪು ಬಿತ್ತು ಎನ್ನುತ್ತಿದ್ದಳು.

ನಿಜವಾದ ಕಾರಣ ನನಗೆ ಗೊತ್ತಿತ್ತು. ಅಮ್ಮ ಒಂದೂವರೆ ವರ್ಷದಿಂದ ಭೋಜನ ತೆಗೆದುಕೊಂಡಿರಲಿಲ್ಲ. ಮಾತು ಬಿಟ್ಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದೆಂದು ನಮ್ಮಲ್ಲಿ ಹಿರಿಯರು ನಡೆಸಿಕೊಂಡು ಬಂದಿದ್ದರು. ಯಾರೂ ತಡೆಯುವುದಿಲ್ಲ, ಕೇಳುವುದೂ ಇಲ್ಲ, ಅವರವರೇ ಕೂತುಬಿಡುತ್ತಾರೆ. ಅಪ್ಪ ಎದ್ದು ಹೋಗುವಾಗ ಅಮ್ಮ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು, ಮಗುವಿಗಾಗಿ ಕೂತವಳ ಹಾಗೆ.

ಅವಳು ಮಾತು ಬಿಟ್ಟಿದ್ದು ತನ್ನ ಸ್ವಂತ ಅಕ್ಕನ ಜೊತೆ, ಹೂಟಗಳ್ಳಿಯ ನಮ್ಮ ದೊಡ್ಡಮ್ಮನ ಜೊತೆ. ಅಜ್ಜಿ ಕೊನೆಯ ಮೂರು ತಿಂಗಳು ನಮ್ಮ ಮನೆಯಲ್ಲೇ ಮಲಗಿದ್ದು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ, ಅಷ್ಟೂ ಜನರ ಎದುರು ದೊಡ್ಡಮ್ಮ, "ನಮ್ಮವ್ವಂಗೆ ಕೊನೇಲಿ ಇವಳ ಮನೇಲಿ ಒಂದು ಲೋಟ ಗಂಜಿಗೂ ಗತಿ ಇರ್ಲಿಲ್ಲ," ಎಂದುಬಿಟ್ಟಿದ್ದರು. ಅಮ್ಮ ಅವತ್ತಿನಿಂದ ಆ ಕಡೆಯ ಬಸ್ಸನ್ನೂ ನೋಡುತ್ತಿರಲಿಲ್ಲ.

ಮಾರನೆಯ ದಿನವೇ ಕಳಿಸುವ ಭಾನುವಾರ. ಆ ಶನಿವಾರದ ಕೂಟ ಹಾಡಿನಿಂದ ಶುರುವಾಗಿ, ವಾಕ್ಯ ಓದಿ, ಕೊನೆಗೆ ಸರಪಳಿ ಪ್ರಾರ್ಥನೆಗೆ ಬಂತು. ಅಂದರೆ ಸುತ್ತ ಕೂತವರು ಒಬ್ಬರಾದ ಮೇಲೊಬ್ಬರು ಒಂದೆರಡು ಮಾತು ಗಟ್ಟಿಯಾಗಿ ಪ್ರಾರ್ಥಿಸುವುದು, ಉಳಿದವರು ಆಮೆನ್ ಎನ್ನುವುದು. ಚಿಕ್ಕವಳೆಂದು ನನ್ನನ್ನು ದಾಟಿಸಿ ಹೋಗುವುದೇ ರೂಢಿ. ಅವತ್ತು ಡ್ಯಾನಿಯಲ್ ಆಮೆನ್ ಎಂದು ನನ್ನ ಭುಜ ತಟ್ಟಿಬಿಟ್ಟ. ನಾನು ಶುರುಮಾಡಿಯೇ ಬಿಟ್ಟೆ.

"ದೇವರೇ, ನಮ್ಮಕ್ಕ ಬೆಟ್ಟಕ್ಕೆ ಹೋಗ್ಬೇಕು. ಅಮ್ಮ ನಾಳೆ ಭೋಜನ ತಗೊಂಡ್ರೆ ಹೋಗ್ಬೋದು. ಆದ್ರೆ ಅಮ್ಮ ತಗೊಳಲ್ಲ, ಯಾಕಂದ್ರೆ ಅಜ್ಜಿ ಸತ್ತಾಗಿಂದ ದೊಡ್ಡಮ್ಮನ ಜೊತೆ ಮಾತು ಬಿಟ್ಟಿದಾಳೆ. ಅವರಿಬ್ರೂ ಮಾತಾಡೋ ಹಾಗೆ ಮಾಡು. ಅಕ್ಕ ಹೋದ್ರೆ ಕಿಟಕಿ ಪಕ್ಕ ಮಲಗೋ ಜಾಗ ನಂಗೆ ಸಿಗುತ್ತೆ, ಆದ್ರೆ ನಾನು ಅದಕ್ಕೆ ಕೇಳ್ತಿಲ್ಲ. ಆಮೆನ್."

"ಆಮೆನ್," ಎಂದವು ಹದಿನಾಲ್ಕು ಗಂಟಲು, ಅಭ್ಯಾಸಬಲದಿಂದ. ಆಮೇಲೆ ಎಲ್ಲರಿಗೂ ತಾವೇನಕ್ಕೆ ಆಮೆನ್ ಎಂದೆವೆಂದು ಗೊತ್ತಾಯಿತು. ನನ್ನ ಪಕ್ಕದ ಹುಡುಗಿಯ ಸರದಿ ಬರಲೇ ಇಲ್ಲ. ಅಡುಗೆಮನೆಯಲ್ಲಿ ಬಾಣಲೆ ಕೆದಕುತ್ತಿದ್ದ ಸೌಟಿನ ಸದ್ದು ನಿಂತುಹೋಗಿತ್ತು. ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಪ್ಪ ಒಮ್ಮೆ ಕೆಮ್ಮಿ, ಸುಮ್ಮನೆ ಒಂದು ಹಾಡಿನ ಮೊದಲ ಸಾಲು ಎತ್ತಿಕೊಂಡರು. ಶ್ರುತಿ ತೀರಾ ಮೇಲಾಗಿ ಯಾರಿಗೂ ಹಿಡಿಯಲಾಗಲಿಲ್ಲ.

ಅವತ್ತು ಉಪ್ಪಿಟ್ಟು ಬಡಿಸಿದವರು ಅಪ್ಪ. ಹುಡುಗರು ತಲೆಯೆತ್ತದೆ ತಿಂದರು. ಜಯಶೀಲ ಆಂಟಿ ಅಡುಗೆಮನೆಗೆ ಹೋದರು. ನಾನು ನೀರಿನ ಚೊಂಬು ಹಿಡಿದು ಬಾಗಿಲ ಮರೆಯಲ್ಲಿ ನಿಂತೆ.

"ನೋಡಿದ್ರಾ," ಎಂದಳು ಅಮ್ಮ. "ಹೊಟ್ಟೇಲಿ ಹುಟ್ಟಿದ್ದೇ ಊರಿಗೆಲ್ಲ ಡಂಗುರ ಹೊಡೀತು."

"ಹೊಡೀತು ಕಣಮ್ಮ. ನಾನೂ ಆಮೆನ್ ಅಂದ್ಬುಟ್ಟೆ. ಈಗ ವಾಪಸ್ ತಗೊಳ್ಳೋಕಾಗಲ್ಲ."

"ತಪ್ಪು ನಂದಾ ಹೇಳಿ. ಮಲಮೂತ್ರ ಬಳಿದವಳು ನಾನು. ಅನ್ನಿಸ್ಕೊಂಡವಳೂ ನಾನೇ."

"ಯಾರ ತಪ್ಪು ಅಂತ ನಾನು ಕೇಳ್ತಿಲ್ಲ. ಯಾರ ಕಾಲಲ್ಲಿ ನಡೆಯೋ ಶಕ್ತಿ ಇದೆ ಅಂತ ಕೇಳ್ತಿದೀನಿ." ಆಂಟಿ ಒಲೆ ಪಕ್ಕದ ಗೋಡೆಗೆ ಒರಗಿದರು. "ನಿಮ್ಮ ಮಗಳು ಗುರುತಿಲ್ಲದವರ ಗಾಯ ತೊಳೀತೀನಿ ಅಂತಿದಾಳೆ. ಅದನ್ನ ಎಲ್ಲಿ ಕಲಿತಳು? ಇದೇ ಮನೇಲಿ, ನೀವು ನಿಮ್ಮ ತಾಯಿಗೆ ಮಾಡಿದ್ದು ನೋಡಿ. ನಾನು ಬರೀ ಬಾಯಲ್ಲಿ ಹೇಳೋಳು."

ಅಮ್ಮ ಬಾಣಲೆಗೆ ನೀರು ಹಾಕಿದಳು. ಕೈ ತೊಳೆದಳು. ಸೀರೆ ಬದಲಿಸಿ ಬಂದು ನನ್ನ ರೆಟ್ಟೆ ಹಿಡಿದಳು. "ಬಾಯಿ ಬಿಟ್ಟವಳು ನೀನು ತಾನೆ? ನಡಿ ಈಗ."

ಹೊತ್ತು ಇನ್ನೂ ಮುಳುಗಿರಲಿಲ್ಲ. ಹೂಟಗಳ್ಳಿ ಬಸ್ಸಿನ ತುಂಬ ಶಿಫ್ಟಿಗೆ ಹೋಗುವವರು, ಅವರ ಟಿಫನ್ ಕ್ಯಾರಿಯರುಗಳಿಂದ ಚಟ್ನಿಯ ವಾಸನೆ. ಹೂಟಗಳ್ಳಿ ಆಗ ಹೆಚ್ಚುಕಡಿಮೆ ಹಳ್ಳಿಯೇ. ಒಂದು ಕಡೆ ಫ್ಯಾಕ್ಟರಿಯ ಗೋಡೆ, ಇನ್ನೊಂದು ಕಡೆ ಹೊಲ. ದೊಡ್ಡಮ್ಮ ಅಂಗಳದಲ್ಲಿ ಹಳೇ ಪಂಚೆಯ ಮೇಲೆ ಒಣಗಿದ್ದ ಸಂಡಿಗೆ ಬಿಡಿಸುತ್ತಿದ್ದರು. ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದರು.

"ಏನಮ್ಮಾ, ದಾರಿ ತಪ್ಪಿ ಬಂದ್ಬುಟ್ಟಾ?"

"ದಾರಿ ಗೊತ್ತಿದ್ದೇ ಬಂದೆ ಅಕ್ಕ."

"ಅನ್ನೋದೇನಾದ್ರೂ ಉಳಿದಿತ್ತಾ?"

ಅಮ್ಮ ನಿಂತೇ ಇದ್ದಳು. ನಾನು ಅವಳ ಸೆರಗಿನ ತುದಿ ಹಿಡಿದಿದ್ದೆ. ದೊಡ್ಡಮ್ಮನ ಮಾತಿಗೆ ತಕ್ಕ ಮಾತು ಅಮ್ಮನ ಬಾಯಲ್ಲಿ ಸಿದ್ಧವಾಗಿರುತ್ತದೆ, ಜಗಳವಾಗುತ್ತದೆ, ನಾವು ವಾಪಸ್ ಬಸ್ಸು ಹತ್ತುತ್ತೇವೆ ಎಂದುಕೊಂಡಿದ್ದೆ.

"ಗಂಜಿ ದಿನಾ ಮಾಡ್ತಿದ್ದೆ ಅಕ್ಕ," ಎಂದಳು ಅಮ್ಮ. "ಅವ್ವ ಕುಡೀತಿರ್ಲಿಲ್ಲ. ದೊಡ್ಡವಳು ಬರ್ಲಿ, ಅವಳ ಕೈಲಿ ಕುಡೀತೀನಿ ಅಂತಿದ್ರು. ಮೂರು ದಿನ ಅಂದ್ರು. ನಾನು ನಿಂಗೆ ಹೇಳಿ ಕಳಿಸಲಿಲ್ಲ. ಇಷ್ಟೆಲ್ಲ ಮಾಡ್ತಿರೋಳು ನಾನು, ಕೇಳೋದು ಅವಳನ್ನಾ ಅಂತ ಹೊಟ್ಟೆ ಉರೀತು. ಇವತ್ತೋ ನಾಳೆಯೋ ಕಳಿಸಣ ಅನ್ನೋಷ್ಟರಲ್ಲಿ ಹೋಗ್ಬುಟ್ರು. ಅದು ನಂದೇ ತಪ್ಪು. ಅದನ್ನ ಹೇಳೋಕೆ ಬಂದೆ."

ಇದು ನನಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ದೊಡ್ಡಮ್ಮನ ಕೈ ಪಂಚೆಯ ಮೇಲೆ ಹಾಗೇ ನಿಂತಿತು. ಮೂಗು ಸೀಟಿದರು.

"ನನ್ನನ್ನ ಕೇಳಿದ್ರಾ?"

"ಹೆಸರು ಹಿಡಿದೇ ಕೇಳಿದ್ರು."

"ಹಂಗಾದ್ರೆ ದೊಡ್ಡವಳು ಬರಲೇ ಇಲ್ಲ ಅಂತ ಅಂದ್ಕೊಂಡೇ ಹೋದ್ರು," ಎಂದು ದೊಡ್ಡಮ್ಮ ಸಣ್ಣಗೆ ಅತ್ತರು. ಅಮ್ಮ ಹತ್ತಿರ ಹೋಗಿ ಕೂತಳು, ಮುಟ್ಟಲಿಲ್ಲ. ಪಂಚೆಯ ಇನ್ನೊಂದು ತುದಿಯಿಂದ ಸಂಡಿಗೆ ಬಿಡಿಸತೊಡಗಿದಳು. ಇಬ್ಬರೂ ಸೇರಿ ಅರ್ಧ ಮುಗಿಸಿದ ಮೇಲೆ ದೊಡ್ಡಮ್ಮ ಹೇಳಿದರು: "ನಾನೂ ಅಷ್ಟು ಜನರ ಮುಂದೆ ಹಂಗೆ ಅನ್ನಬಾರದಿತ್ತು. ಅಂದಿದ್ದು ಮರೆಯೋಕೆ ನಿಂಗೆ ಟೈಮ್ ಬೇಕಾಗುತ್ತೆ. ನಂಗೂ ಬೇಕಾಗುತ್ತೆ."

"ಆಗ್ಲಿ ಅಕ್ಕ."

ಅಪ್ಪಿಕೊಳ್ಳುವುದು ಗಿಪ್ಪಿಕೊಳ್ಳುವುದು ಆಗಲಿಲ್ಲ. ಹೊರಡುವಾಗ ಅಕ್ಕ ಬೆಟ್ಟಕ್ಕೆ ಹೋಗುವ ಮಾತು ಬಂತು. ದೊಡ್ಡಮ್ಮ ಒಳಗೆ ಹೋಗಿ ಟ್ರಂಕಿನಿಂದ ನುಸಿಗುಳಿಗೆ ವಾಸನೆಯ ಕಂಬಳಿಯೊಂದನ್ನು ತಂದರು. ಅಜ್ಜಿಯದು. "ಅಲ್ಲಿ ಮೇ ತಿಂಗಳಲ್ಲೂ ಚಳಿಯಂತೆ. ಆ ಹುಡುಗೀಗೆ ಕೊಡು. ಕಳೆದ್ಬುಟ್ಟು ಬಂದ್ರೆ ಕಾಲು ಮುರೀತೀನಿ ಅಂತ ಹೇಳು."

ಮಾರನೆಯ ದಿನ ಚರ್ಚಿನಲ್ಲಿ ಐದು ಮನೆಯವರನ್ನು ಕರೆದಾಗ ಅಪ್ಪ ಎದ್ದರು, ಅಕ್ಕ ಎದ್ದಳು. ಅಮ್ಮ ನನ್ನ ಜಡೆಗೆ ಕೈ ಹಾಕಲಿಲ್ಲ. ಎದ್ದು, ಸೆರಗು ತಲೆಗೆ ಎಳೆದುಕೊಂಡು, ಅಪ್ಪನಿಗಿಂತ ಮುಂದೆ ನಡೆದಳು. ಸಾಲಾಗಿ ಮೊಣಕಾಲೂರಿದವರ ಅಂಗಾಲುಗಳು ಹಿಂದೆ ಕೂತ ನನಗೆ ಕಾಣುತ್ತಿದ್ದವು. ಅಕ್ಕನದು ನುಣುಪು, ಅಮ್ಮನದು ಹಿಮ್ಮಡಿಯೆಲ್ಲ ಬಿರುಕು. ಆ ಬಿರುಕು ಕಾಲು ಹಿಂದಿನ ಸಂಜೆ ಹೂಟಗಳ್ಳಿಗೆ ಹೋಗಿ ಬಂದದ್ದಕ್ಕೇ ಈ ನುಣುಪು ಕಾಲು ಬೆಟ್ಟ ಹತ್ತುತ್ತಿದೆ ಎಂದು ಹತ್ತು ವರ್ಷದ ನನಗೂ ಅರ್ಥವಾಗಿತ್ತು. ಮಧ್ಯಾಹ್ನ ವ್ಯಾನು ಬಂತು. ಡ್ಯಾನಿಯಲ್ ಕಿಟಕಿಯಿಂದ ತಲೆ ಹಾಕಿ, "ಶಾಂತೀ, ನೀನು ಪ್ರಾರ್ಥನೆ ಮಾಡೋ ಮುಂಚೆ ಇನ್ನು ಮೇಲೆ ನಂಗೆ ತೋರಿಸು," ಎಂದು ಕೂಗಿದ. ಅಮ್ಮನೂ ನಕ್ಕಳು.

ಒಂದು ತಿಂಗಳಿಗೆಂದು ಹೋದ ಅಕ್ಕ ತಿಂಗಳಿಗೇ ಬಂದಳು. ಡಿಗ್ರಿ ಮುಗಿಸಿದಳು, ಬಿ.ಎಡ್. ಮಾಡಿದಳು, ಮತ್ತೆ ಹೋದಳು. ಆಸ್ಪತ್ರೆಯ ಪಕ್ಕದ ಶಾಲೆಯಲ್ಲಿ ಈಗಲೂ ಇದ್ದಾಳೆ. ಮಂಡಿನೋವಿದೆ, ಬಂದ್ಬಿಡೇ ಎಂದರೆ, "ಒಂದನೇ ಕ್ಲಾಸಿಗೆ ಈ ಸಲ ಹನ್ನೊಂದು ಮಕ್ಕಳು ಸೇರಿದಾವೆ ಕಣೇ," ಎನ್ನುತ್ತಾಳೆ. ಅವಳ ದನಿಯಲ್ಲಿ ಬೇಜಾರು ನಾನೂ ಕೇಳಿಲ್ಲ.

ಈಗ ನನ್ನ ಮನೆಗೂ ಶನಿವಾರ ಮಕ್ಕಳು ಬರುತ್ತಾರೆ. ಚೆನ್ನಾಗಿ ಹಾಡುತ್ತಾರೆ, ನಮಗಿಂತ ಚೆನ್ನಾಗಿ. ಚಾಪೆ ಹೋಗಿ ಪ್ಲಾಸ್ಟಿಕ್ ಕುರ್ಚಿ ಬಂದಿದೆ, ಅದಕ್ಕೆ ನನ್ನ ತಕರಾರಿಲ್ಲ. ಪ್ರಾರ್ಥನೆಯ ವಿಷಯಗಳು ಫೋನಿಗೆ ಬರುತ್ತವೆ, ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ಆದರೆ ಯಾರ ಮನೆಯಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆಂದು ಆ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಭೋಜನದ ದಿನ ಎಲ್ಲರೂ ಸರಾಗವಾಗಿ ಏಳುತ್ತಾರೆ. ಕೂತುಬಿಡುವವರೇ ಇಲ್ಲ. ನಾವು ಕಳೆದುಕೊಂಡದ್ದು ಅದನ್ನು, ಮನಸ್ಸು ಒಪ್ಪದಿದ್ದಾಗ ಕೂತುಬಿಡುವ ಆ ಪ್ರಾಮಾಣಿಕತೆಯನ್ನು, ಆಮೇಲೆ ಎದ್ದು ಬಸ್ಸು ಹತ್ತುವ ಧೈರ್ಯವನ್ನು. ಕಳೆದದ್ದು ಸಿಗುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ದೂರ ಹೋಗಬೇಕೆನ್ನುವ ಮಕ್ಕಳು ಇವತ್ತೂ ಎದ್ದು ನಿಲ್ಲುತ್ತಾರೆ. ನಾನು ಅವರನ್ನು ಮೊದಲು ಹತ್ತಿರದ ಒಂದು ಬಾಗಿಲಿಗೆ ಕಳಿಸುತ್ತೇನೆ. ಹೋಗಿ ಬಂದವರ ಮುಖ ನೋಡಿದರೆ ಸಾಕು, ಇವರು ಎಲ್ಲಿಗೆ ಬೇಕಾದರೂ ಹೋಗುತ್ತಾರೆಂದು ಗೊತ್ತಾಗುತ್ತದೆ.

ವ್ಯಾನು ಹೋದ ಆ ಭಾನುವಾರದ ಸಂಜೆ ಅಮ್ಮ ಮುದ್ದೆ ಕಟ್ಟಿ, ಹುರುಳಿಕಾಳಿನ ಬಸ್ಸಾರು ಮಾಡಿದಳು, ಜೊತೆಗೆ ಮಾವಿನಹಣ್ಣು ಹೆಚ್ಚಿದಳು. ನಾನು ಕಿಟಕಿ ಪಕ್ಕ ಹಾಸಿಗೆ ಹಾಸಿಕೊಂಡೆ, ಆದರೆ ಜಾಗ ಹೊಸದಾಗಿ ನಿದ್ದೆ ಬರಲಿಲ್ಲ. ಅಪ್ಪ ರೇಡಿಯೋ ಹಿಡಿದು ಕೂತಿದ್ದರು. ತಟ್ಟೆಗಳನ್ನು ನೀರಲ್ಲಿ ನೆನೆಹಾಕಿ, ಒಂದು ನಿಮಿಷ ಅಡ್ಡಾಗುತ್ತೇನೆಂದು ಚಾಪೆಯ ಮೇಲೆ ಒರಗಿದ ಅಮ್ಮ ನಮ್ಮಿಬ್ಬರಿಗಿಂತ ಮೊದಲೇ ನಿದ್ದೆಹೋಗಿದ್ದಳು.