ಲಿಫ್ಟ್ ಇಲ್ಲದ ಗುಡ್ಡಗಳು

ಭದ್ರಾವತಿಯಲ್ಲಿ ಲೇತ್ ಮೆಷಿನ್ ನಡೆಸಿ ನಿವೃತ್ತರಾದ ಅವರು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು. ಚಳಿಗಾಲ ಬಂದರೆ ಹಿಮಾಚಲಕ್ಕೆ ಒಬ್ಬರೇ ಹೋಗಿ, ಯಾರೂ ಹೆಸರು ಕೇಳಿರದ ಹಳ್ಳಿಗಳಲ್ಲಿ, ಮೇಲಕ್ಕೊಯ್ಯುವ ಲಿಫ್ಟ್ ಇಲ್ಲದೆ ನಡೆದೇ ಹತ್ತಬೇಕಾದ ಗುಡ್ಡಗಳ ಮೇಲಿಂದ ಸ್ಕೀ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರಿ ಬರುತ್ತಿದ್ದರು. 'ಹೆಸರಾದ ಜಾಗದಲ್ಲಿ ಜನ ಕಾಣ್ತಾರೆ, ಹಿಮ ಎಲ್ಲಿ ಕಾಣುತ್ತೆ ಮಾರಾಯ?' ಎನ್ನುತ್ತ ಅಂಗೈಯನ್ನು ಗಾಳಿಯಲ್ಲಿ ಓರೆಯಾಗಿ ಜಾರಿಸುವರು.

ಕಳೆದ ವರ್ಷ ನನ್ನನ್ನು ಕರೆದರು. 'ವಯಸ್ಸಾದೋರು ಜೊತೆಗೊಬ್ರಿಲ್ದೆ ಹತ್ತೋ ಹಾಗಿಲ್ಲ ಅಂತ ನಾನು ಹೋಗೋ ಹಳ್ಳಿಯೋರು ಕಟ್ಟುಪಾಡು ಮಾಡಿದಾರೆ. ನೀನು ಮೇಲೆ ಬಂದು ಸುಮ್ನೆ ನಿಂತ್ರೆ ಸಾಕು.'

'ಶಿವಮೊಗ್ಗದ ಚಳಿಗೇ ಮಫ್ಲರ್ ಸುತ್ಕೊಳ್ಳೋನು ನಾನು, ಬಿಡಿ ಸಾರ್!' ಎಂದು ನಕ್ಕೆ. ಅವರೂ ನಕ್ಕರು. ಒಬ್ಬರೇ ಹೋದರು.

ವಾಪಸ್ಸು ಬಂದಾಗ, 'ಸ್ಕೀ ಮಾಡಿದ್ರಾ?' ಎಂದು ಕೇಳಿದೆ.

'ಇಲ್ಲ, ಒಬ್ನೇ ಅಂತ ಹತ್ತೋಕೆ ಬಿಡ್ಲಿಲ್ಲ. ಗುಡ್ಡದ ಕೆಳಗೆ ಕೂತು ನಾಲ್ಕು ದಿನ ನೋಡಿದೆ' ಎಂದರು. 'ಹಿಮ ಚೆನ್ನಾಗಿ ಬಿದ್ದಿತ್ತು ಈ ಸಲ.'