ಚಾಚಾ ಓಟು ಹಾಕಿದ ದಿನ

ಕತಾರಿನ ಮದೀನತ್ ಖಲೀಫಾ ಬಡಾವಣೆಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ. ಮನೆಯ ಯಜಮಾನರು ಅಲ್ಲಿಯವರೇ, ಕಪ್ಪು ಮೈಬಣ್ಣದ ಹಿರಿಯರು. ಅವರನ್ನು ಚಾಚಾ ಎನ್ನುತ್ತಿದ್ದೆ. ಅವರ ತಾಯಿಯನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ಚಾಚಾ ಹುಟ್ಟಿದ್ದೇ ಗುಲಾಮರಾಗಿ. ಸರಕಾರ ಗುಲಾಮಗಿರಿ ತೆಗೆದುಹಾಕಿದಾಗ ಅವರಿಗಿನ್ನೂ ಮೀಸೆ ಮೂಡುವ ವಯಸ್ಸು. ಇದನ್ನೆಲ್ಲ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ನಾನೋ, ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗೆ ಕೆಲಸಗಾರರ ಬಸ್ಸು ಓಡಿಸುವ ಡ್ರೈವರ್; ಕಲಬುರ್ಗಿ ಕಡೆಯ ಗೌಡರೊಬ್ಬರಲ್ಲಿ ಅಪ್ಪ ಜೀತಕ್ಕಿದ್ದ ಎಂಬುದನ್ನು ಚಾಚಾ ಒಬ್ಬರನ್ನು ಬಿಟ್ಟು ಯಾರ ಮುಂದೆಯೂ ಬಾಯಿಬಿಟ್ಟವನಲ್ಲ.

ತೊಂಬತ್ತೊಂಬತ್ತರಲ್ಲಿ ಅಲ್ಲಿ ಮುನ್ಸಿಪಲ್ ಕೌನ್ಸಿಲ್ಲಿಗೆ ಮೊದಲ ಚುನಾವಣೆ ಬಂತು. ಚಾಚಾರ ಹಳೆಯ ಧಣಿಯ ಮನೆತನದವನೊಬ್ಬ ನಮ್ಮ ವಾರ್ಡಿಗೇ ನಿಂತ. ಬಿಡುಗಡೆಯಾದ ಮೇಲೂ ಚಾಚಾರ ಹೆಸರಿನ ತುದಿಗೆ ಆ ಮನೆತನದ ಹೆಸರು ಅಂಟಿಕೊಂಡೇ ಇತ್ತು. ಆತ ಬಂದು ಏಲಕ್ಕಿ ಕಾಫಿ ಕುಡಿದು, ಮನೆಯ ಓಟು ಮನೆಯಲ್ಲೇ ಉಳಿಯಲಿ ಎಂದು ನಕ್ಕು ಹೋದ. ಅವರನ್ನು ಎದುರು ಹಾಕಿಕೊಳ್ಳುವುದು ಬೇಡವೆಂದು ಚಾಚಾರ ಮಗನೂ ಹೇಳಿದ. ಚಾಚಾರ ಮನಸ್ಸೋ, ನಡುವಯಸ್ಸಿನಲ್ಲಿ ತಮಗೆ ಅಕ್ಷರ ಕಲಿಸಿದ ಮೇಷ್ಟ್ರ ಮೇಲಿತ್ತು, ಅವರೂ ನಿಂತಿದ್ದರು. ಎರಡು ದಿನ ಚಾಚಾ ಸರಿಯಾಗಿ ಉಣ್ಣಲಿಲ್ಲ.

ಓಟಿನ ದಿನ ಮಗ ಡ್ಯೂಟಿಗೆ ಹೋಗಿದ್ದರಿಂದ ಕಾರು ನಾನೇ ತೆಗೆದೆ. ತೆಗೆದವನು ಮತಗಟ್ಟೆಗೆ ಹೋಗುವುದು ಬಿಟ್ಟು ನೇರ ಅಲ್ ಅಜೀಜಿಯಾ ಬಡಾವಣೆಗೆ ಹೊಡೆದು, ಆ ಧಣಿಯ ಗೇಟಿನ ಮುಂದೆ ನಿಲ್ಲಿಸಿದೆ. ಯಾರೂ ಹೇಳಿರಲಿಲ್ಲ. ನಮ್ಮೂರಲ್ಲಿ ಓಟಿನ ದಿನ ಮೊದಲು ಗೌಡರ ಅಂಗಳಕ್ಕೆ ಹೋಗಿ ಕೈಮುಗಿದು, ಅವರು ಹೇಳಿದ ಚಿಹ್ನೆ ಕೇಳಿಕೊಂಡ ಮೇಲೇ ಮತಗಟ್ಟೆ. ಇಲ್ಲಿಯೂ ಅದೇ ಪದ್ಧತಿ ಎಂದುಕೊಂಡುಬಿಟ್ಟಿತ್ತು ನನ್ನ ದಡ್ಡ ತಲೆ.

ಇಲ್ಲಿಗೇಕೆ ಕರೆತಂದೆ ಎಂದು ಚಾಚಾ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳುತ್ತಲೇ ನಾಚಿಕೆಯಿಂದ ಕುಗ್ಗಿಹೋದೆ. ಗೇಟಿನ ಬಳಿ ನಿಂತಿದ್ದವರು ಅವರ ಗುರುತು ಹಿಡಿದು, ಬನ್ನಿ ಎಂದು ಕೈಬೀಸಿದರು. ಚಾಚಾ ಇಳಿಯಲಿಲ್ಲ. ಅರಬ್ಬಿ ಬೆರೆತ ಅವರ ಹಿಂದಿ ನನ್ನ ನೆನಪಿನಲ್ಲಿ ನಮ್ಮೂರ ಮಾತಾಗಿಯೇ ಉಳಿದಿದೆ.

"ನಿಮ್ಮಪ್ಪ ಈಗಲೂ ಗೌಡರನ್ನ ಕೇಳಾಕ ಹೋಗ್ತಾನೇನು?"

"ಹೋಗ್ತಾನ, ಚಾಚಾ."

"ಈ ಬಾಗಿಲಾಗ ಕೇಳಿ ಕೇಳಿ ನಾ ಅರ್ಧ ಆಯುಷ್ಯ ಕಳದೀನಿ. ಖಲಾಸ್. ಗಾಡಿ ತಿರುಗಿಸು."

ಮತಗಟ್ಟೆಯಿಂದ ಹೊರಬಂದವರು ಯಾರಿಗೆ ಹಾಕಿದೆನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ದಾರಿಯುದ್ದಕ್ಕೂ ಮೀನಿನ ರೇಟು ಮಾತಾಡಿದರು. ರಾತ್ರಿ ಹೊಟ್ಟೆತುಂಬ ಉಂಡರೆಂದು ಅವರ ಮಗನೇ ಬಂದು ಹೇಳಿದ. ಯಾರು ಗೆದ್ದರೋ, ನನಗೀಗ ನೆನಪಿಲ್ಲ. ಚಾಚಾ ನನಗೆ ಬಾಡಿಗೆ ಮನ್ನಾ ಮಾಡಿದ್ದುಂಟು, ಜ್ವರ ಬಂದಾಗ ಗಂಜಿ ಕಳಿಸಿದ್ದುಂಟು. ಆದರೆ ನಾನು ಅವರಿಗೆ ಸಾಯುವ ತನಕ ಋಣಿಯಾಗಿರುವುದು ಆ 'ಗಾಡಿ ತಿರುಗಿಸು' ಎಂಬ ಮಾತಿಗೆ.

ಅದೇ ವರ್ಷ ರಜೆಗೆ ಹೋದಾಗ ನಮ್ಮಲ್ಲೂ ಚುನಾವಣೆ. ಬೆಳಗ್ಗೆ ಅಪ್ಪ ತಲೆಗೆ ಪಟಗ ಸುತ್ತಿಕೊಂಡು ಗೌಡರ ಮನೆಯ ಕಡೆ ಹೊರಟ. ತಡೆದು ನಿಲ್ಲಿಸಿ ಚಾಚಾರ ಕತೆ ಹೇಳಿದೆ. ಅಪ್ಪ ಪಟಗ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡ. ಆಮೇಲೆ ನನ್ನನ್ನೂ ಕಾಯದೆ ಸರಸರ ಮತಗಟ್ಟೆಯ ದಾರಿ ಹಿಡಿದ.

ಅವನು ಹೊರಬಂದಾಗ ನನಗೆ ತಡೆಯಲಾಗಲಿಲ್ಲ. ಯಾವ ಚಿಹ್ನೆಗೆ ಒತ್ತಿದೆ ಎಂದು ಕೇಳಿಯೇಬಿಟ್ಟೆ. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಿನಗ್ಯಾಕ ಹೇಳಬೇಕಲೇ?" ಅಂದ.